ಹಳ್ಳದ ಮೇಲೆ ನಿಂಬೆವ್ವನ ಮಾಳಿಗೆ

ನಮ್ಮೂರಿನಲ್ಲಿ ಹೊರಗಿನ ಕಲ್ಲು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಸೋಮವಾರ ಒಂದು ಟಿಪ್ಪರ್ ಖಡಿ, ಅಂದರೆ ಜಲ್ಲಿಕಲ್ಲು, ತಂದು ಸುರಿಸಿದರೆ, ಗುರುವಾರ ಮಧ್ಯಾಹ್ನ ಊರು ಉಂಡು ಒಂದು ಜೋಂಪು ತೆಗೆಯುವ ಹೊತ್ತಿಗೆ ಅದು ತನ್ನ ಕ್ವಾರಿಗೆ ವಾಪಸ್ಸು ಹೋಗಿರುತ್ತದೆ. ನೆಲದ ಮೇಲೆ ಒಂದಿಷ್ಟು ಪುಡಿ ಬಿದ್ದಿರುತ್ತದೆ, ಅಷ್ಟೇ. ಸಿಮೆಂಟು ನಿಲ್ಲುತ್ತದೆ, ಕಬ್ಬಿಣ ನಿಲ್ಲುತ್ತದೆ, ಉಸುಕು ನಮ್ಮ ಹಳ್ಳದ್ದೇ ಆದ್ದರಿಂದ ಅದರ ಚಿಂತೆಯಿಲ್ಲ. ಕಲ್ಲು ಮಾತ್ರ ಎದ್ದು ಹೋಗುತ್ತದೆ. ಅದಕ್ಕೇ ನಮ್ಮೂರಿಗೆ ಬರುವ ಸೊಸೆಯಂದಿರು ತವರಿನಿಂದ ಒರಳುಕಲ್ಲು ತರುವುದಿಲ್ಲ, ಮಿಕ್ಸಿ ತರುತ್ತಾರೆ.

ಹಾಗಂತ ನಾವೇನು ಗುಡಿಸಲಲ್ಲಿ ಇಲ್ಲ. ನಮ್ಮೂರಿನ ಗೋಡೆಯೊಳಗೆ ಒಮ್ಮೆ ಬಾಳಿದ ಕಲ್ಲು ಊರು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಏನು ಕಟ್ಟಬೇಕೆಂದರೂ ಮೊದಲು ಏನನ್ನಾದರೂ ಒಡೆಯಬೇಕು. ಈಗಿನ ಪೋಸ್ಟಾಫೀಸು ಮೊದಲು ಕುದುರೆ ಲಾಯವಾಗಿತ್ತು, ಅದಕ್ಕೂ ಮೊದಲು ಯಾರದೋ ಬಾವಿಕಟ್ಟೆ. ಹೆಣ್ಣು ಕೊಡುವವರು ಹುಡುಗನ ನೌಕರಿ ಕೇಳಿದ ಮೇಲೆ ತಪ್ಪದೆ ಇನ್ನೊಂದು ಮಾತು ಕೇಳುತ್ತಾರೆ: "ಹಿತ್ತಲದಾಗ ಒಡ್ಯೂವಂಥಾದ್ದು ಏನೈತ್ರಿ?" ಹಳೆಯ ಬಚ್ಚಲುಮನೆಯೊಂದಿದ್ದರೆ ಸಂಬಂಧ ಅರ್ಧ ಕುದುರಿದಂತೆ.

ಒಂದು ಮನೆಯ ಕಲ್ಲು ಇನ್ನೊಂದು ಮನೆಗೆ ಹೋಗುವಾಗ ಮಾತ್ರ ಒಂದು ಪದ್ಧತಿ ಇದೆ. ಬಂದ ಗುಡ್ಡೆಯ ಮುಂದೆ ಮನೆಯ ಹೆಂಗಸು ಬೆಲ್ಲದ ನೀರು ಚಿಮುಕಿಸಬೇಕು. ಬಂದವರಿಗೆ ಬೆಲ್ಲದ ನೀರು ಕೊಟ್ಟರೆ ಕೂತುಕೊಳ್ಳಿ ಎಂದರ್ಥ. ಬರೀ ನೀರು ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ನಮ್ಮೂರಿನಲ್ಲಿ ಜಗಳವಾಡದೆ ನೆಂಟರನ್ನು ಸಾಗಹಾಕುವುದು ಹೀಗೆ. ನಾನು ಗೌಂಡಿ, ಗಾರೆ ಕೆಲಸದವಳು, ಕೈಯಲ್ಲಿ ಕರಣಿ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಕಲ್ಲಿಗೆ ಬೆಲ್ಲ ತೋರಿಸುವುದು ಹೆಂಗಸರ ಸಮಾಧಾನಕ್ಕೆ ಎಂದೇ ತಿಳಿದಿದ್ದೆ. ನಾನೂ ಹೆಂಗಸೇ ಎಂಬುದು ಆಗ ನೆನಪಾಗುತ್ತಿರಲಿಲ್ಲ.

ನಮ್ಮತ್ತೆ ನಿಂಬೆವ್ವನಿಗೆ ಎಪ್ಪತ್ತೆರಡು. ಹಲ್ಲು ನಾಲ್ಕಿವೆ, ಹಟ ಪೂರ್ತಿ ಇದೆ. ಅವಳ ಜೀವದ ಗೆಳತಿ ಹುಸೇನಬಿ ಹಳ್ಳದ ಆಚೆ ದಂಡೆಯವಳು. ಇಬ್ಬರೂ ಪ್ರಾಯದಲ್ಲಿ ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊತ್ತವರು. ನಮ್ಮತ್ತೆ ಮದುವೆಯಾಗಿ ಬಂದ ವರ್ಷ ಮಾವ ಒಂದು ಹಳೆಯ ಗಾಣದ ಮನೆ ಒಡೆದು ಮನೆಗೆ ಕಾಂಕ್ರೀಟಿನ ಮಾಳಿಗೆ ಹಾಕಿಸಿದರಂತೆ. ಆ ಮಾಳಿಗೆಯ ಒಂದೊಂದು ಬುಟ್ಟಿಯೂ ಇವರಿಬ್ಬರ ತಲೆಯ ಮೇಲಿಂದ ಹೋದದ್ದು. ಹುಸೇನಬಿ ಲಗ್ನವಾಗಿ ಹಳ್ಳ ದಾಟುವವರೆಗೆ ದಿನಾ ಸಂಜೆ ಇಬ್ಬರೂ ಅದರ ಮೇಲೆ ಕಾಲು ಚಾಚಿ ಕೂತು ಊರವರ ಮೇಲೆ ಹರಟುತ್ತಿದ್ದರು.

ಹಳ್ಳದಲ್ಲಿ ವರ್ಷಕ್ಕೆ ಏಳು ತಿಂಗಳು ನೀರು, ಉಳಿದ ಐದು ತಿಂಗಳು ಮೊಣಕಾಲುದ್ದ ಕೆಸರು. ಇದ್ದೊಂದು ಕಟ್ಟಿಗೆಯ ಕಾಲುಸೇತುವೆ ಒಂದು ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಯಿತು. ಸುತ್ತು ಹಾಕಿ ಬರಬೇಕೆಂದರೆ ಅರ್ಧ ದಿನದ ದಾರಿ, ಹುಸೇನಬಿಯ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ, ನಮ್ಮತ್ತೆಯ ಸೊಂಟವೂ ಒಪ್ಪುವುದಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಇವಳು ಈಚೆ ದಂಡೆಯಲ್ಲಿ, ಅವಳು ಆಚೆ ದಂಡೆಯಲ್ಲಿ ನಿಂತು ಒದರಾಡುತ್ತಿದ್ದರು. ಯಾರ ಮನೆಯಲ್ಲಿ ಏನು ಸಾರು, ಯಾವ ಸೊಸೆ ಎದುರು ಮಾತಾಡಿದಳು, ಎಲ್ಲವೂ ಎರಡೂ ದಂಡೆಗೆ ಕೇಳುತ್ತಿತ್ತು. ಎದುರು ಮಾತಾಡಿದ ಸೊಸೆ ಹೆಚ್ಚು ಪಾಲು ನಾನೇ ಆಗಿರುತ್ತಿದ್ದೆ. ಹೀಗೇ ಏಳು ವರ್ಷ ನಡೆದ ಮೇಲೆ ಹುಸೇನಬಿಯ ದನಿ ಬಿದ್ದುಹೋಯಿತು. ಆಮೇಲೆ ಇಬ್ಬರೂ ಬರೀ ಸೆರಗು ಬೀಸುತ್ತಿದ್ದರು. ಸೆರಗು ಬೀಸಿ ಬಂದು ನಮ್ಮತ್ತೆ ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಇನ್ನೊಂದು ಸಲ ನನ್ನನ್ನು ಬೈದು ಒದರಬಾರದೇ ಎನ್ನಿಸುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಸೇತುವೆ ಮಂಜೂರಾಗಿ ಇಂಜಿನಿಯರ್ ಪ್ರಾಣೇಶ ಕುಲಕರ್ಣಿಯವರು ಬಂದರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು. ಊರಿನ ಸಂಗತಿ ಹೇಳಿದರೆ ನಕ್ಕರು. ಹೊಸ ಖಡಿ ತರಿಸಿದರು, ಹೋಯಿತು. ಇನ್ನೊಮ್ಮೆ ತರಿಸಿ ಮೇಲೆ ತಾಡಪತ್ರಿ ಕಟ್ಟಿಸಿದರು. ತಾಡಪತ್ರಿ ಉಳಿಯಿತು. ಮೂರನೆಯ ಸಲ ಖಡಿಯ ಗುಡ್ಡೆಯ ಮೇಲೆ ತಾವೇ ಕುರ್ಚಿ ಹಾಕಿಕೊಂಡು ಕೂತರು. ಗುರುವಾರ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಕುರ್ಚಿ ನೆಲದ ಮೇಲೆ ನೆಟ್ಟಗೆ ನಿಂತಿತ್ತು, ಅವರೂ ಅದರ ಮೇಲೆ ನೆಟ್ಟಗೆ ಕೂತಿದ್ದರು. ಎದ್ದು ಸೀದಾ ಊರ ಗೌಂಡಿಯಾದ ನನ್ನ ಹತ್ತಿರ ಬಂದರು.

"ಕಸ್ತೂರಿಬಾಯಿ, ನಿಮ್ಮ ಹಳೇ ಖಡಿನೇ ಹಾಕೋಣ. ಆದರ ನನಗ ಅಂಜಿಕಿ ಅದ," ಎಂದರು. "ಒಡೆದ ಕಾಂಕ್ರೀಟಿನ ಖಡಿಗೆ ಹಳೇ ಗಾರೆ ಅಂಟಿರ್ತದ. ಅದು ಭಾಳ ನೀರು ಕುಡೀತದ. ಕಲಸೋ ಮುಂದ ಸಿಮೆಂಟಿನ ಪಾಲಿನ ನೀರು ಕುಡಿದುಬಿಟ್ಟರ ಕಾಂಕ್ರೀಟು ಪೊಳ್ಳಾಗ್ತದ, ನಾಲ್ಕು ಮಳಿಗೆ ಬಿರೀತದ. ಮೊದಲ ಖಡಿಗೆ ಹೊಟ್ಟಿ ತುಂಬ ನೀರು ಕುಡಸಬೇಕು. ಇಪ್ಪತ್ತೆಂಟನೇ ದಿನಕ್ಕ ಮಷೀನು ತಂದು ಅದೇ ಕಾಂಕ್ರೀಟಿನ ಕ್ಯೂಬು, ಅಂದ್ರ ಚೌಕ ಗಟ್ಟಿ, ಒಡೀತೀನಿ. ಮಷೀನಿನ ಮುಳ್ಳು ಇಪ್ಪತ್ತೈದಕ್ಕ ಬರೋತನಕ ತಡೀಲಿಲ್ಲಂದ್ರ ಸೇತುವಿ ಕೆಡವೂದ. ನನ್ನ ಕೈಯಾಗೂ ಇಲ್ಲ ಅದು." ನಾನು, "ಇಪ್ಪತ್ತೈದು ಯಾಕ್ರಿ ಸಾಹೇಬರ, ಮೂವತ್ತು ತಡೀತೈತಿ," ಎಂದೆ. ಬಾಯಿ ನನ್ನದು, ಕೇಳಬೇಕೆ?

ಊರವರು ಕೈ ಎತ್ತಿ ಕೊಟ್ಟರು. ಒಬ್ಬರು ದನದ ಕೊಟ್ಟಿಗೆಯ ಕಟ್ಟೆ ಒಡೆದರು, ಇನ್ನೊಬ್ಬರು ನೀರಿನ ಟಾಕಿ. ನನ್ನ ಗಂಡ ಬಸಲಿಂಗ ತಾನು ಮಿರ್ಚಿ ಕರಿಯುವ ಹೋಟೆಲಿನ ಮೆಟ್ಟಿಲು ಮಾಲೀಕನನ್ನು ಕೇಳದೆಯೇ ಒಡೆದು ತಂದ. ಗಿರಾಕಿಗಳು ಒಂದು ತಿಂಗಳು ಜಿಗಿದು ಒಳಗೆ ಹೋಗಬೇಕಾಯಿತು. ಆದರೂ ಅಳತೆ ಹಿಡಿದರೆ ಅರ್ಧಕ್ಕೂ ಸಾಲದು. ಅಂದು ಸಂಜೆ ನಮ್ಮತ್ತೆ ರೊಟ್ಟಿ ಮುರಿಯುತ್ತಾ, "ನಮ್ಮ ಮಾಳಿಗಿ ತಗೊಳ್ಳೆ," ಎಂದಳು. ನಾನು ಕೇಳಿಸದವಳಂತೆ ಪಲ್ಯ ಬಡಿಸಿದೆ. "ಕಿವಿ ನನಗ ಮಂದ, ನಿನಗಲ್ಲ. ಮಾಳಿಗಿ ಒಡಿ ಅಂದೆ." "ಅತ್ತಿ, ಒಮ್ಮೆ ಒಡೆದು ಕಟ್ಟಿದ ಮಾಳಿಗಿ ಅದು. ಗಾಣದ ಮನಿಯಿಂದ ಬಂದದ್ದು. ಈಗ ಒಡೆದು ಸೇತುವಿಗೆ ಹಾಕಿ, ಅದೂ ಕೆಡವೂ ಹಂಗಾದ್ರ ಬರೇ ಪುಡಿ ಉಳಿತೈತಿ. ಮನೀನೂ ಇಲ್ಲ, ಸೇತುವಿನೂ ಇಲ್ಲ." ಅವಳು ರೊಟ್ಟಿಯ ಚೂರು ಬಾಯಿಗಿಟ್ಟು ಅದನ್ನು ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದು ಮುಗಿಸಿದಳು. "ಹಂಗಾದ್ರ ಕೆಡವದಂಗ ಕಟ್ಟು. ಗೌಂಡಿ ಅಂತ ಊರ ತುಂಬ ಹೇಳ್ಕೊಂಡು ಅಡ್ಡಾಡ್ತಿ."

ಮಾಳಿಗೆ ಒಡೆಯಲು ನಾನೇ ಸುತ್ತಿಗೆ ಹಿಡಿದೆ. ಅತ್ತೆ ಎದುರಿಗೇ ಕೂತು, "ಅಲ್ಲಿ ಮೂಲ್ಯಾಗ ಗಟ್ಟಿ ಐತಿ, ಜೋರು ಹೊಡಿ," ಎಂದು ಹೇಳಿಕೊಡುತ್ತಿದ್ದಳು. ಒಡೆದದ್ದನ್ನು ಸಣ್ಣ ಖಡಿ ಮಾಡಿ, ಜರಡಿ ಹಿಡಿದು, ಪುಡಿ ತೆಗೆದು, ತೊಳೆದೆವು. ಮನೆಯ ಮೇಲೆ ತಗಡು ಹೊದಿಸಿದೆವು. ಆ ತಗಡು ಸಣ್ಣ ಗಾಳಿಗೂ ಧಡಬಡ ಎನ್ನುತ್ತಿತ್ತು. ನಮಗೆ ನಿದ್ದೆಯಿಲ್ಲ, ಅತ್ತೆಗೆ ಮಾತ್ರ ಕಿವಿ ಮಂದವಾದ್ದರಿಂದ ಸುಖ.

ಇನ್ನು ನೀರು ಕುಡಿಸುವ ಕೆಲಸ. ಹಳ್ಳದ ದಂಡೆಯಲ್ಲಿ ಹನ್ನೆರಡು ಪೀಪಾಯಿ ಇಟ್ಟು ಖಡಿ ತುಂಬಿಸಿ ನೀರು ಹಾಕಿಸಿದೆ. ಹೆಂಗಸರು ಬೆಲ್ಲದ ತಂಬಿಗೆ ಹಿಡಿದು ಬಂದರೆ ನಾನು ದೂರದಿಂದಲೇ ತಡೆದೆ. ಸಾಹೇಬರ ಮುಂದೆ ನಗೆಪಾಟಲಾಗಬಾರದು ನೋಡಿ. "ಇದು ಸರಕಾರಿ ಕೆಲಸ, ಇಲ್ಲಿ ಬೆಲ್ಲ ಗಿಲ್ಲ ನಡ್ಯಾಂಗಿಲ್ಲ. ಬರೇ ನೀರು," ಎಂದು ಗದರಿಸಿ ಕಳಿಸಿದೆ. ಪ್ರಾಣೇಶರು ತಮ್ಮ ಸಮಾಧಾನಕ್ಕೆ ನಮ್ಮ ಮಾಳಿಗೆಯ ಖಡಿಯನ್ನೇ ಒಂದು ಬಕೆಟ್ ತೆಗೆದುಕೊಂಡು, ತಾವೇ ನೀರು ಕುಡಿಸಿ, ತಾವೇ ಕಲಸಿ ಮೂರು ಕ್ಯೂಬು ಮಾಡಿದರು. ಅವನ್ನು ಪಂಚಾಯ್ತಿ ಕೋಣೆಯಲ್ಲಿ ನೀರಿನ ತೊಟ್ಟಿಯೊಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಪೆನ್ನುಗಳ ಪಕ್ಕ ಜೇಬಿಗಿಳಿಸಿದರು. ಮಾರನೆಯ ದಿನ ಎರಡೂ ದಂಡೆಯ ಜನ ಸೇರಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಸೇತುವೆಗೆ ಕಾಂಕ್ರೀಟು ಹಾಕಿದೆವು. ಅದೇ ಕಾಂಕ್ರೀಟಿನಿಂದ ನಾನೂ ಮೂರು ಕ್ಯೂಬು ತುಂಬಿಸಿಟ್ಟೆ. ಸಾಹೇಬರು ಇಪ್ಪತ್ತೆಂಟನೇ ದಿನ ಬರುತ್ತೇನೆಂದು ಹೋದರು.

ಮರುದಿನ ಬೆಳಿಗ್ಗೆ ಹೋಗಿ ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಮೋಡ ಇತ್ತಲ್ಲ, ಅದಕ್ಕಿರಬೇಕು ಎಂದುಕೊಂಡೆ. ಎರಡನೇ ದಿನ ಬೆರಳಿಟ್ಟೆ, ಮತ್ತೆ ಒಳಗೆ. ಮೂರನೇ ದಿನ ಒಂದು ಕೋಳಿ ಸೇತುವೆಯ ಮೇಲೆ ನಡೆದು ಆಚೆ ದಂಡೆಯವರೆಗೆ ಹೆಜ್ಜೆ ಮೂಡಿಸಿ ಹೋಯಿತು. ಎಂಟು ವರ್ಷದಲ್ಲಿ ಕಾಲು ತೋಯಿಸದೆ ಹಳ್ಳ ದಾಟಿದ ಮೊದಲ ಜೀವ ಅದೇ. ಅತ್ತೆಯ ಮಾಳಿಗೆ, ಊರವರ ಕಟ್ಟೆ, ಟಾಕಿ, ಮೆಟ್ಟಿಲು, ಎಲ್ಲವೂ ಅಲ್ಲಿ ಅಂಬಲಿಯ ಹಾಗೆ ಬಿದ್ದಿದೆ. ನಾನು ದಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಜಾಗದಲ್ಲಿ ಅತ್ತವಳಲ್ಲ.

ಅಳುತ್ತಾ ಕೂತಾಗಲೇ ಇರುವೆ ಕಂಡದ್ದು. ಸಾಲುಗಟ್ಟಿ ಪೀಪಾಯಿಗಳ ಕಡೆ ಹೊರಟಿದ್ದವು, ಇನ್ನೊಂದು ಸಾಲು ಸೇತುವೆಯ ಕಡೆ. ಎದ್ದು ಹೋಗಿ ಒಂದು ಪೀಪಾಯಿಯ ತಳದ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಸಿಹಿ. ಇನ್ನೊಂದರಲ್ಲಿ ಅದ್ದಿದೆ. ಅದೂ ಸಿಹಿ. ಹನ್ನೆರಡೂ ಪೀಪಾಯಿ ನೋಡಿ ಮುಗಿಸಿ, ನೆಟ್ಟಗೆ ಮನೆಗೆ ನಡೆದೆ.

ಅತ್ತೆ ತಗಡಿನ ಕೆಳಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಏನ್ ಮಾಡೀರಿ ಅತ್ತಿ ಖಡಿಗೆ?" ಎಂದೆ. ಅವಳು ತಲೆ ಎತ್ತಲಿಲ್ಲ. "ಮಾಡೋದೇನೈತಿ, ನೀವೆಲ್ಲಾ ಮಲಗಿದ ಮ್ಯಾಲೆ ಒಂದೊಂದು ಪೀಪಾಯಿಗೆ ಒಂದೊಂದು ಅಚ್ಚು ಬೆಲ್ಲ ಹಾಕೀನಿ. ಊರ ಹೆಂಗಸರು ಕೊಟ್ರು, ನಾ ಹಾಕಿದೆ." "ಬೆಲ್ಲ ಬಿದ್ರ ಸಿಮೆಂಟು ಗಟ್ಟಿ ಆಗಂಗಿಲ್ಲ! ಗೌಂಡಿ ಇದ್ದ ನಮ್ಮಪ್ಪ ಕೆಲಸದ ಜಾಗಾಕ್ಕ ಚಾ ಲೋಟಾ ಸೈತ ತರಗೊಡ್ತಿರಲಿಲ್ಲ!" ನಾನು ಕೂಗಿದ್ದು ಆಚೆ ದಂಡೆಗೂ ಕೇಳಿರಬೇಕು. ಆಗ ಅವಳು ತಲೆ ಎತ್ತಿದಳು. "ನೀ ಬರೇ ನೀರು ಕೊಟ್ಟಿ ಅವಕ್ಕ. ಬರೇ ನೀರು ಕೊಟ್ರ ಯಾರು ನಿಂದರ್ತಾರವಾ? ಐವತ್ತು ವರ್ಷ ನನ್ನ ತಲಿ ಮ್ಯಾಲೆ ನೆರಳಾಗಿದ್ವು. ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಂತಾಗ ಕುಂದ್ರು ಅನ್ನಬಾರದೇನು? ಎದ್ದು ಹೊಂಟುಬಿಟ್ರ ಹುಸೇನಿ ಹೆಂಗ ಬರಬೇಕು?" ಅವಳ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಅರ್ಧಕ್ಕೇ ನಿಂತಿತು. ಪೂರ್ತಿ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ.

ಪ್ರಾಣೇಶರಿಗೆ ಫೋನು ಹಚ್ಚಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಎಷ್ಟು ಅಚ್ಚು, ಎಷ್ಟು ಪೀಪಾಯಿ ಎಂದು ಕೇಳಿ ಬರೆದುಕೊಂಡರು. ಆಮೇಲೆ, "ನೀರು ಬಸಿದು ಹಾಕಿದ್ದಿರೋ ಇಲ್ಲೋ?" ಎಂದರು. ಬಸಿದಿದ್ದೆ. "ಹಂಗಾದ್ರ ಖಡಿಗೆ ಹತ್ತಿದಷ್ಟ ಒಳಗ ಹೋಗೇದ. ಇನ್ನೊಂದೊಂದು ಅಚ್ಚು ಬಿದ್ದಿದ್ರ ಕಥಿ ಮುಗೀತಿತ್ತು. ಸೆಂಟ್ರಿಂಗ್ ಹಲಗಿ ಬಿಚ್ಚಬ್ಯಾಡ್ರಿ. ಗೋಣಿತಾಟು ಹೊದಸ್ರಿ, ಒಣಗಲಿಕ್ಕೆ ಬಿಡಬ್ಯಾಡ್ರಿ. ಕಾಯೋಣ." ನಾನು ಕಾದೆ. ಐದನೇ ದಿನ ಬೆರಳು ಅರ್ಧಕ್ಕೆ ನಿಂತಿತು. ಆರನೇ ದಿನ ಉಗುರು ಮಾತ್ರ ಹೋಯಿತು. ಏಳನೇ ದಿನ ಉಗುರು ಮುರಿಯಿತು. ಆ ಮುರಿದ ಉಗುರನ್ನು ಊರ ತುಂಬ ತೋರಿಸಿಕೊಂಡು ಬಂದೆ. ಅಂದಿನಿಂದ ಎರಡೂ ದಂಡೆಯವರು ಪಾಳಿ ಹಚ್ಚಿಕೊಂಡು ದಿನಕ್ಕೆ ನಾಲ್ಕು ಸಲ ನೀರು ಹೊಡೆದರು. ಅದೇ ವಾರ ನಮ್ಮ ಮನೆಯ ತಗಡಿನ ಧಡಬಡವೂ ನಿಂತಿತು. ಅಂತೂ ಬಸಲಿಂಗ ಮೇಲೆ ಹತ್ತಿ ಏನೋ ಭಾರ ಇಟ್ಟನಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಬಾಯಿ ಬಿಟ್ಟು ಮೆಚ್ಚಿದರೆ ಅವನು ಕೆಡುತ್ತಾನೆ.

ಇಪ್ಪತ್ತೆಂಟನೇ ದಿನ ಪ್ರಾಣೇಶರು ವ್ಯಾನಿನಲ್ಲಿ ಮಷೀನು ತಂದರು. ಈಚೆ ದಂಡೆಯಲ್ಲಿ ನಾವು, ಆಚೆ ದಂಡೆಯಲ್ಲಿ ಅವರು. ಎಲ್ಲರ ಮುಂದೆ ಹುಸೇನಬಿ, ಕೋಲೂರಿಕೊಂಡು. ಸೇತುವೆಯ ಎರಡೂ ತುದಿಗೆ ಹಗ್ಗ ಕಟ್ಟಿತ್ತು. ಮೊದಲು ತಮ್ಮ ಕ್ಯೂಬು ತರುತ್ತೇನೆಂದು ಸಾಹೇಬರು ಪಂಚಾಯ್ತಿ ಕೋಣೆಯ ಬೀಗ ತೆಗೆದರು. ತೊಟ್ಟಿಯಲ್ಲಿ ನೀರಿತ್ತು. ಕ್ಯೂಬು ಇರಲಿಲ್ಲ. ಬೀಗ ನೋಡಿದರು, ಜೇಬು ನೋಡಿದರು, ಪೆನ್ನುಗಳನ್ನೂ ಎಣಿಸಿದರು. "ಇರ್ಲಿ, ನಿಮ್ಮವನ್ನ ತರ್ರಿ," ಎಂದರು, ದನಿ ಸಣ್ಣಗಾಗಿತ್ತು.

ನನ್ನ ಮೊದಲ ಕ್ಯೂಬನ್ನು ಮಷೀನಿನ ಬಾಯಿಗಿಟ್ಟರು. ಮುಳ್ಳು ಏರತೊಡಗಿತು. ಹತ್ತು. ಹದಿನೈದು. ಅತ್ತೆ ನನ್ನ ಮುಂಗೈ ಹಿಡಿದಿದ್ದಳು, ಬಳೆ ಒಡೆಯುವಷ್ಟು ಬಿಗಿಯಾಗಿ. ಇಪ್ಪತ್ತು. ಇಪ್ಪತ್ನಾಲ್ಕಕ್ಕೆ ಒಂದು ಸಣ್ಣ ಟಕ್ ಸದ್ದು ಬಂತು, ನನ್ನ ಜೀವ ಹೋಯಿತು. ಒಡೆದದ್ದು ಕ್ಯೂಬಲ್ಲ, ನನ್ನ ಬಳೆ. ಇಪ್ಪತ್ತೈದು ದಾಟಿತು, ಮೂವತ್ತು ದಾಟಿತು, ಮೂವತ್ತೆರಡಕ್ಕೆ ಕ್ಯೂಬು ಬಿರಿಯಿತು. ಎರಡನೆಯದು ಮೂವತ್ತೊಂದು, ಮೂರನೆಯದು ಮೂವತ್ಮೂರು. ಪ್ರಾಣೇಶರು ಕನ್ನಡಕ ಒರೆಸಿಕೊಂಡರು. "ನಿಧಾನ ಗಟ್ಟಿಯಾದದ್ದು ಒಮ್ಮೊಮ್ಮೆ ಹೆಚ್ಚು ಗಟ್ಟಿ ಆಗ್ತದ. ಪುಸ್ತಕದಾಗ ಅದ ಅದು. ಆದರ ನನ್ನ ಕ್ಯೂಬು ಎಲ್ಲಿ ಹೋದುವು?"

"ಸಾಹೇಬರ, ನೀವು ಅವಕ್ಕ ಏನು ಕುಡಸಿದ್ರಿ?" ಎಂದು ಅತ್ತೆ ಕೇಳಿದಳು. "ನೀರು." "ಬರೇ ನೀರು?" "ಬರೇ ನೀರು." ಅತ್ತೆ ನನ್ನ ಕಡೆ ನೋಡಿದಳು. ನನಗೆ ಥಟ್ಟನೆ ತಗಡು ನೆನಪಾಯಿತು. ಬಸಲಿಂಗನ ಕಡೆ ತಿರುಗಿ, "ನೀ ತಗಡಿನ ಮ್ಯಾಲೆ ಭಾರ ಇಟ್ಟಿದ್ದೇನು?" ಎಂದೆ. "ನಾನ್ಯಾಕ ಇಡ್ಲಿ? ನೀನ ಇಟ್ಟೀಯಂತ ಸುಮ್ಮನಿದ್ದೆ," ಎಂದ. ಊರೆಲ್ಲ ನಮ್ಮ ಮನೆಗೆ ಓಡಿತು. ಮಾಳಿಗೆ ಮೊದಲಿದ್ದ ಜಾಗದಲ್ಲಿ, ತಗಡಿನ ಮೇಲೆ, ಮೂರೂ ಕ್ಯೂಬು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಸಾಹೇಬರ ಕೈಬರಹದಲ್ಲಿ ನಂಬರು ಇತ್ತು. ಪ್ರಾಣೇಶರು ಬಹಳ ಹೊತ್ತು ಕತ್ತೆತ್ತಿ ನೋಡಿದರು. ಇಳಿಸಿ ಮಷೀನಿಗಿಡಲೇ ಎಂದು ಅವರು ಕೇಳಿದಾಗ ಅತ್ತೆ, "ಮನಿಗೆ ಬಂದಾವು, ಇರ್ಲಿ ಬಿಡ್ರಿ," ಎಂದಳು. ನಾನು ಅವಳ ಕಾಲಿಗೆ ಬಿದ್ದೆ. ಊರವರೆಲ್ಲ ನೋಡುತ್ತಿದ್ದರು, ನೋಡಲಿ.

ಹಗ್ಗ ಬಿಚ್ಚಿದ ಮೇಲೆ ಮೊದಲು ದಾಟಿದವಳು ಹುಸೇನಬಿ. ಕೋಳಿಯ ಹೆಜ್ಜೆಗಳು ಅಲ್ಲಿ ಹಾಗೇ ಗಟ್ಟಿಯಾಗಿ ಉಳಿದಿದ್ದವು, ಅವುಗಳ ಪಕ್ಕದಲ್ಲೇ ಕೋಲೂರುತ್ತಾ ಬಂದಳು. ಅತ್ತೆ ಈ ತುದಿಯಲ್ಲಿ ಬೆಲ್ಲದ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಎಂಟು ವರ್ಷದ ಮೇಲೆ ಇಬ್ಬರೂ ಎದುರುಬದುರಾದರು. ಹುಸೇನಬಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿಗಾತ್ರದ ಕಾಂಕ್ರೀಟಿನ ಚೂರು. "ನಮ್ಮ ಬಚ್ಚಲದ್ದು," ಎಂದಳು, ಒಡಕು ದನಿಯಲ್ಲಿ. "ಉಳಿದದ್ದು ಹಿಂದ ಬುಟ್ಟ್ಯಾಗ ಬರಾಕತ್ತೈತಿ. ನನ್ನ ಸಲುವಾಗಿ ತಲಿ ಮ್ಯಾಲಿನದು ಒಡಿಸಿಕೊಂಡು ಕುಂತೀಯಲ್ಲ ನಿಂಬಿ, ನಿನಗ ಬುದ್ಧಿ ಯಾವಾಗ ಬರಬೇಕು?" ಅವಳ ಹಿಂದೆ ಆಚೆ ದಂಡೆಯ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ಅತ್ತೆ ತಂಬಿಗೆಯಿಂದ ಮೊದಲು ಆ ಚೂರಿನ ಮೇಲೆ ಬೆಲ್ಲದ ನೀರು ಹಾಕಿದಳು. "ಮೊದಲ ಅದಕ್ಕ, ಆಮ್ಯಾಲ ನನಗೇನು?" ಎಂದು ಹುಸೇನಬಿ ಜಗಳ ತೆಗೆದಳು. ಅತ್ತೆ ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ತಂಬಿಗೆಯನ್ನು ಅವಳ ಬಾಯಿಗೆ ಹಿಡಿದಳು.

ಮಳೆಗಾಲಕ್ಕೆ ಮೊದಲು ನಮ್ಮ ಮನೆಗೆ ಹೊಸ ಮಾಳಿಗೆಯಾಯಿತು, ಖಡಿಗೆ ಬೆಲ್ಲದ ನೀರು ನಾನೇ ಚಿಮುಕಿಸಿದೆ, ಅಳತೆ ನೋಡಿಕೊಂಡು. ಆದರೆ ಅತ್ತೆ ಅದನ್ನು ಹತ್ತುವುದೇ ಇಲ್ಲ. ಸಂಜೆಯಾದರೆ ಇಬ್ಬರೂ ಸೇತುವೆಯ ನಟ್ಟನಡುವೆ ಕಾಲು ಚಾಚಿ ಕೂರುತ್ತಾರೆ. ಸೈಕಲ್ಲಿನವರು ಇಳಿದು, ತಳ್ಳಿಕೊಂಡು ಬಳಸಿ ಹೋಗಬೇಕು. ಬಿಸಿಲಿದ್ದರೆ ಅಲ್ಲೇ ಹಪ್ಪಳ ಒಣಹಾಕುತ್ತಾರೆ. ದಾರಿ ಬಿಡಿ ಎಂದರೆ, "ನಮ್ಮ ಮಾಳಿಗಿ ಇದು," ಎನ್ನುತ್ತಾರೆ. ಹಾಗಲ್ಲ ಎನ್ನುವುದು ಹೇಗೆ?

ಈ ವರ್ಷ ಹಳ್ಳ ಎರಡು ಸಲ ಸೇತುವೆಯ ಮೇಲೆ ಹರಿದು ಇಳಿಯಿತು. ಪ್ರಾಣೇಶರು ಬಂದು ಮೊಣಕಾಲೂರಿ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಕೂದಲೆಳೆಯಷ್ಟೂ ಬಿರುಕಿಲ್ಲ. "ಇನ್ನೂ ಎಷ್ಟು ವರ್ಷ ಬಾಳಿಕಿ ಬರ್ತದ ಅಂತ ತಿಳೀಬೇಕು. ಒಂದು ನಾಲ್ಕು ಬೆರಳಗಲ ತೂತು ಕೊರೆದು ಚೂರು ತೆಗೀತೀನಿ, ಆಮ್ಯಾಲೆ ಮುಚ್ಚಿಸ್ತೀನಿ," ಎಂದು ಡಬ್ಬಿಯಿಂದ ಕೊರೆಯುವ ಯಂತ್ರ ತೆಗೆದರು. "ನಾವಿಬ್ಬರೂ ಏಳೂ ಮಟ ಅದೂ ಏಳಂಗಿಲ್ಲರಿ," ಎಂದಳು ಹುಸೇನಬಿ, ಕೂತಲ್ಲಿಂದ ಅಲುಗದೆ. ಅತ್ತೆ ಮಾತ್ರ ಎದ್ದಳು. ಸೊಂಟ ಹಿಡಿದುಕೊಂಡು ಮನೆಗೆ ಹೋಗಿ, ಬಿಸಿಲಲ್ಲಿ ಬಂದ ಸಾಹೇಬರಿಗೆಂದು ಹಿತ್ತಾಳೆಯ ಲೋಟ ತುಂಬಿಸಿ ತಂದು ಎರಡೂ ಕೈಯಿಂದ ಕೊಟ್ಟಳು. ಪ್ರಾಣೇಶರು ಒಂದು ಗುಟುಕು ಕುಡಿದರು. ನಿಂತರು. ಲೋಟದೊಳಗೆ ನೋಡಿದರು, ಬರೀ ನೀರು. ಅತ್ತೆಯ ಮುಖ ನೋಡಿದರು. ಉಳಿದದ್ದನ್ನು ಪೂರ್ತಿ ಕುಡಿದು ಲೋಟ ವಾಪಸ್ಸು ಕೊಟ್ಟು, ಯಂತ್ರವನ್ನು ಡಬ್ಬಿಗೆ ಹಾಕಿ, ಹಪ್ಪಳ ತುಳಿಯದಂತೆ ಬಳಸಿಕೊಂಡು ಹೊರಟರು.